ಐರ್ಲೆಂಡ್‌ನ ಕಿಲ್ಕೆನಿ ಕಾಲೇಜು ಎಷ್ಟು ಹಳೆಯದು? ಈಗ ಅಲ್ಲಿ ಏನೇನು ಇದೆ?

ಹೆಸರಲ್ಲಿ ಕಾಲೇಜು ಅಂತ ಇದ್ದರೂ ಇದು ಹೈಸ್ಕೂಲು. ಹನ್ನೆರಡು, ಹದಿಮೂರು ವರ್ಷಕ್ಕೆ ಸೇರಿದ ಮಕ್ಕಳು ಲೀವಿಂಗ್ ಸರ್ಟಿಫಿಕೇಟ್ ಅನ್ನುವ ಶಾಲೆಯ ಕೊನೆಯ ಪರೀಕ್ಷೆ ಮುಗಿಸಿ ಹೊರಬರುತ್ತಾರೆ.

ಶಾಲೆ ಶುರುವಾಗಿದ್ದು 1538ರಲ್ಲಿ, ಆರ್ಮಂಡ್‌ನ ಬಟ್ಲರ್ ಮನೆತನದಿಂದ. ಆಗ ಅದು ಕಿಲ್ಕೆನಿ ಊರಿನ ದೊಡ್ಡ ಚರ್ಚ್ ಆದ ಸೇಂಟ್ ಕ್ಯಾನಿಸ್ ಕ್ಯಾಥೆಡ್ರಲ್ ಪಕ್ಕದಲ್ಲಿತ್ತು. 1660ರ ದಶಕದಲ್ಲಿ ಅದೇ ಮನೆತನದ ಡ್ಯೂಕ್ ಅದನ್ನು ಹೊಸದಾಗಿ ಕಟ್ಟಿ ನಿಲ್ಲಿಸಿದ. ಜಾನ್ ಸ್ಟ್ರೀಟ್‌ನಲ್ಲಿ, ನೋರ್ ನದಿಯ ಹತ್ತಿರ ಜಾಗ ಕೊಟ್ಟ. ಶಾಲೆ ನಿಜವಾಗಿ ಪ್ರಸಿದ್ಧವಾಗಿದ್ದು ಆಮೇಲೆಯೇ. ಗಲಿವರನ ಕತೆ ಬರೆದ ಜೊನಾಥನ್ ಸ್ವಿಫ್ಟ್ ಓದಿದ್ದು ಇಲ್ಲೇ. ನಾಟಕಕಾರ ವಿಲಿಯಂ ಕಾಂಗ್ರೀವ್, ತತ್ವಜ್ಞಾನಿ ಜಾರ್ಜ್ ಬರ್ಕ್ಲಿ ಕೂಡ ಇಲ್ಲಿಯವರೇ. ಒಂದು ಸಣ್ಣ ಊರಿನ ಶಾಲೆಗೆ ಇದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ? ಮೂವರೂ ಮುಂದೆ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಹೋದರು.

ಮೊದಲು ಬರೀ ಹುಡುಗರ ಶಾಲೆ. 1973ರಲ್ಲಿ ಸೆಲ್‌ಬ್ರಿಜ್ ಅನ್ನುವ ಊರಿನ ಹೆಣ್ಣುಮಕ್ಕಳ ಶಾಲೆ ಇದರ ಜೊತೆ ಸೇರಿತು.

ಸ್ವಿಫ್ಟ್ ಕೂತ ಬೆಂಚು ನೋಡೋಣ ಅಂತ ಹೋದರೆ ಸಿಗುವುದಿಲ್ಲ. 1985ರಲ್ಲಿ ಶಾಲೆ ಊರಂಚಿನ ಕ್ಯಾಸಲ್‌ಕಾಮರ್ ರಸ್ತೆಗೆ ಹೋಯಿತು. ಜಾನ್ ಸ್ಟ್ರೀಟ್‌ನ ಕಟ್ಟಡದಲ್ಲಿ ಈಗ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆಡಳಿತದ ಕಚೇರಿ ಇದೆ. ಅದೂ ಸ್ವಿಫ್ಟ್ ಕಾಲದ್ದಲ್ಲ, 18ನೇ ಶತಮಾನದ ಕೊನೆಯದು.

ಹೊಸ ಜಾಗದಲ್ಲಿ ಹುಡುಗರಿಗೆ, ಹುಡುಗಿಯರಿಗೆ ಬೇರೆ ಬೇರೆ ಹಾಸ್ಟೆಲ್, ಲ್ಯಾಬ್, ರಗ್ಬಿ ಮತ್ತು ಹಾಕಿ ಮೈದಾನಗಳಿವೆ. ದಿನಾ ಮನೆಯಿಂದ ಬಂದು ಹೋಗುವ ಮಕ್ಕಳೂ ಇದ್ದಾರೆ. ಶಾಲೆ ಚರ್ಚ್ ಆಫ್ ಐರ್ಲೆಂಡ್, ಅಂದರೆ ಅಲ್ಲಿನ ಆಂಗ್ಲಿಕನ್ (ಪ್ರಾಟೆಸ್ಟಂಟ್) ಚರ್ಚಿನ ಪರಂಪರೆಯದು.