ಬೋಲ್ಟ್ ರಂಧ್ರದ ದತ್ತಾಂಶದಿಂದ ಗಣಿಯ ಚಾವಣಿಯನ್ನು ಅಳೆಯಬಹುದೇ?

ಕಲ್ಲಿದ್ದಲು ಗಣಿಯಲ್ಲಿ ರೂಫ್ ಬೋಲ್ಟ್ (ಚಾವಣಿ ಕುಸಿಯದಂತೆ ಅದರೊಳಗೆ ಕೊರೆದು ಕೂರಿಸುವ ಸರಳು) ಹಾಕುವ ಯಂತ್ರ ದಾಖಲಿಸುವ ಅಂಕಿಗಳಿಂದ ಮೇಲಿನ ಕಲ್ಲಿನ ಗುಣ ತಿಳಿಯುತ್ತದೆಯೇ, ತಿಳಿದರೆ ಕೋರ್ (ಪರೀಕ್ಷೆಗೆಂದು ಕೊರೆದು ತೆಗೆಯುವ ಕಂಬದಾಕಾರದ ಕಲ್ಲಿನ ಮಾದರಿ) ತೆಗೆಯುವುದನ್ನು ನಿಲ್ಲಿಸಬಹುದೇ ಎಂದು ಕೇಳಿದ್ದೀರಿ. ತಿಳಿಯುತ್ತದೆ, ಆದರೆ ಕೋರ್ ನಿಲ್ಲಿಸಬೇಡಿ.

ಯಂತ್ರ ಮುಖ್ಯವಾಗಿ ಒತ್ತುಬಲ, ಟಾರ್ಕ್ (ತಿರುಚುಬಲ), ತಿರುಗುವ ವೇಗ, ಕೊರೆಯುವ ವೇಗ ಈ ನಾಲ್ಕನ್ನು ಅಳೆಯುತ್ತದೆ. ಇವನ್ನು ಬಿಡಿಬಿಡಿಯಾಗಿ ನೋಡಿದರೆ ದಾರಿ ತಪ್ಪುತ್ತೇವೆ. ಚಾಲಕ ಹೆಚ್ಚು ಒತ್ತಿದರೆ ಗಟ್ಟಿ ಕಲ್ಲಿನಲ್ಲೂ ವೇಗ ಏರುತ್ತದೆ. ಹಾಗಾಗಿ ನಾನು ನಾಲ್ಕನ್ನೂ ಸೇರಿಸಿ, ಒಂದು ಘನ ಅಳತೆಯ ಕಲ್ಲನ್ನು ಕೊರೆಯಲು ಎಷ್ಟು ಶಕ್ತಿ ವ್ಯಯವಾಯಿತು ಎಂದು ಲೆಕ್ಕ ಹಾಕುತ್ತೇನೆ. 1965ರಲ್ಲಿ ಸಂಶೋಧಕ ಟೀಲ್ ಕೊಟ್ಟ ಈ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಮರಳುಗಲ್ಲು ಹೆಚ್ಚು ಶಕ್ತಿ ಬೇಡುತ್ತದೆ, ಮೆದು ಶೇಲ್ (ಜೇಡಿಯ ಪದರಗಲ್ಲು) ಕಡಿಮೆ.

ನನ್ನ ಮಟ್ಟಿಗೆ, ಕಲ್ಲಿನ ಹೆಸರಿಗಿಂತ ಪದರಗಳ ನಡುವಿನ ಬಿರುಕು ಪತ್ತೆಯಾಗುವುದೇ ದೊಡ್ಡ ಲಾಭ. ಬಿಟ್ (ಕೊರೆಯುವ ತುದಿ) ಟೊಳ್ಳಿಗೆ ತಲುಪಿದೊಡನೆ ಒತ್ತುಬಲವೂ ಟಾರ್ಕೂ ಕುಸಿಯುತ್ತವೆ, ಕೊರೆಯುವ ವೇಗ ಮಾತ್ರ ಥಟ್ಟನೆ ಜಿಗಿಯುತ್ತದೆ. ಹೊಸ ರಾಡ್ ಜೋಡಿಸುವಾಗಲೂ ಒತ್ತುಬಲ ಬೀಳುತ್ತದೆ, ಆದರೆ ಆಗ ಬಿಟ್ ಮುಂದೆ ಸಾಗಿರುವುದಿಲ್ಲ. ಮೇಲಾಗಿ ಎಲ್ಲ ರಂಧ್ರಗಳಲ್ಲೂ ಅದು ಹೆಚ್ಚುಕಡಿಮೆ ಒಂದೇ ಆಳದಲ್ಲಿ ಕಾಣಿಸುತ್ತದೆ. ಇವೆರಡನ್ನು ಬೇರ್ಪಡಿಸದ ಗ್ರಾಫ್ ಅಪಾಯಕಾರಿ. ಇಲ್ಲದ ಬಿರುಕನ್ನು ಮತ್ತೆ ಮತ್ತೆ ತೋರಿಸಿದರೆ ನಿಜವಾದ ಬಿರುಕನ್ನೂ ಯಾರೂ ನಂಬುವುದಿಲ್ಲ.

ಇನ್ನೊಂದು ತೊಡಕು ಬಿಟ್‌ನ ಸವೆತ. ಸ್ಫಟಿಕಶಿಲೆಯ ಅಂಶ ಹೆಚ್ಚಿರುವ ಮರಳುಗಲ್ಲು ಬಿಟ್ಟನ್ನು ಬೇಗ ಮೊಂಡಾಗಿಸುತ್ತದೆ. ಮೊಂಡು ಬಿಟ್ ಕೈಯಲ್ಲಿದ್ದರೆ ಸಾಧಾರಣ ಕಲ್ಲೂ ಬಲಿಷ್ಠವೆಂದು ತೋರುತ್ತದೆ, ಅಂದರೆ ತಪ್ಪು ನಮ್ಮ ಪ್ರಾಣಕ್ಕೆ ಎರವಾಗುವ ದಿಕ್ಕಿಗೇ ವಾಲುತ್ತದೆ. ಬಿಟ್ ಬದಲಿಸಿದ್ದು ಯಾವ ರಂಧ್ರಕ್ಕೆ ಎಂಬುದನ್ನು ದತ್ತಾಂಶದ ಜೊತೆಗೇ ಬರೆದಿಡಿ.

ಬೋಲ್ಟ್ ರಂಧ್ರ ಸಾಮಾನ್ಯವಾಗಿ ಎರಡು ಮೀಟರ್ ಆಸುಪಾಸಿನಷ್ಟು ಆಳ. ಅದಕ್ಕಿಂತ ಮೇಲಿನ ಪದರಗಳ ಬಗ್ಗೆ ಈ ಅಂಕಿಗಳು ಏನನ್ನೂ ಹೇಳುವುದಿಲ್ಲ; ಕೋರ್ ಬೇಕಾಗುವುದು ಅಲ್ಲಿಯೇ. ಚಾವಣಿಯಲ್ಲಿ ಹುದುಗಿರುವ ಪಳೆಯುಳಿಕೆ ಮರದ ಬುಡಗಳನ್ನೂ ಇದನ್ನು ನಂಬಿ ಹುಡುಕಬೇಡಿ: ಕಲ್ಲು ಗಟ್ಟಿಯಾಗಿಯೇ ಇರುತ್ತದೆ, ಅದರ ನುಣುಪಾದ ಅಂಚು ರಂಧ್ರಕ್ಕೆ ಸಿಗದೇ ಹೋಗಬಹುದು, ಬುಡವೋ ಮುನ್ಸೂಚನೆಯಿಲ್ಲದೆ ಕಳಚಿ ಬೀಳುತ್ತದೆ.

ಶುರು ಮಾಡುವುದಾದರೆ ಒಂದೇ ಸುರಂಗದ ಸಾಲು ರಂಧ್ರಗಳನ್ನು ಆರಿಸಿಕೊಳ್ಳಿ. ಕೆಲವಕ್ಕೆ ಬೋಲ್ಟ್ ಹಾಕುವ ಮುನ್ನ ಕ್ಯಾಮೆರಾ ತೂರಿಸಿ, ಕಂಡ ಬಿರುಕಿನ ಆಳವನ್ನು ಗ್ರಾಫಿನೊಂದಿಗೆ ಹೋಲಿಸಿ. ಅಕ್ಕಪಕ್ಕದ ರಂಧ್ರಗಳಲ್ಲೂ ಅದೇ ಪದರ ಮುಂದುವರಿದರೆ ಮಾತ್ರ ನಕ್ಷೆಗೆ ಸೇರಿಸಿ.