ಎಲ್ಲರೂ ಒಟ್ಟಿಗೆ ಬರೆಯುವ ಸಭೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ವಿಭಾಗದ ಸಭೆಯಲ್ಲಿ ಹನ್ನೆರಡು ಮಂದಿ ಕೂರುತ್ತೇವೆ. ಮಾತಾಡುವವರು ಯಾವಾಗಲೂ ಅದೇ ಮೂರು ಮಂದಿ. ಸಭೆಗೆಂದೇ ಇರುವ ಸಾಫ್ಟ್‌ವೇರ್ ತಂದರೆ ಸರಿಹೋಗುತ್ತದೆಯೇ?

ಉತ್ತರ: ಒಂದು ಗಂಟೆಯನ್ನು 12 ಜನರಿಗೆ ಸಮನಾಗಿ ಹಂಚಿದರೂ ತಲೆಗೆ ಐದೇ ನಿಮಿಷ. ಉಳಿದ 55 ನಿಮಿಷ ಸರದಿ ಕಾಯುತ್ತಾ ಕೂರಬೇಕು. ಅಷ್ಟರಲ್ಲಿ ಹೊಳೆದದ್ದು ಮರೆತಿರುತ್ತದೆ, ಇಲ್ಲವೇ ಈಗ ಹೇಳಿ ಏನು ಪ್ರಯೋಜನ ಅನಿಸಿಬಿಡುತ್ತದೆ. ಒಟ್ಟಿಗೆ ಕೂತು ಯೋಚಿಸುವಾಗ ವಿಚಾರಗಳು ಕಡಿಮೆ ಹುಟ್ಟುವುದಕ್ಕೆ ಮುಖ್ಯ ಕಾರಣ ಈ ಕಾಯುವಿಕೆಯೇ ಎಂದು ಮನೋವಿಜ್ಞಾನಿಗಳಾದ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ 1987ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದವು. ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಜೇ ನುನಮೇಕರ್ ಅವರ ತಂಡ 1980ರ ದಶಕದಲ್ಲಿ ಕಟ್ಟಿದ ಸಭಾ ವ್ಯವಸ್ಥೆ ಕೈಹಾಕಿದ್ದು ಇಲ್ಲಿಗೇ: ಪ್ರತಿಯೊಬ್ಬರ ಮುಂದೆ ಒಂದು ಕೀಲಿಮಣೆ, ಎಲ್ಲರೂ ಏಕಕಾಲಕ್ಕೆ ಬರೆಯುವುದು, ಬರೆದದ್ದು ಹೆಸರಿಲ್ಲದೆ ಎಲ್ಲರ ತೆರೆಯ ಮೇಲೆ ಕಾಣುವುದು.

ಹಾಗಾಗಿ 12 ಜನರ ಗುಂಪಿಗೆ ಇಂಥ ಸಾಫ್ಟ್‌ವೇರ್‌ನಿಂದ ನಿಜವಾದ ಲಾಭವಿದೆ. ನಾಲ್ಕೈದು ಜನರಷ್ಟೇ ಇದ್ದರೆ ಬೇಡ. ಬಾಯಿಮಾತೇ ಬೇಗ ಮುಗಿಯುತ್ತದೆ.

ಪ್ರಶ್ನೆ: ಒಮ್ಮೆ ಪ್ರಯತ್ನಿಸಿದೆವು. 15 ನಿಮಿಷದಲ್ಲಿ 140 ಸಲಹೆ ಬಂದವು. ಅಲ್ಲಿಗೇ ನಿಂತಿತು. ಆ ಪಟ್ಟಿಯನ್ನು ಆಮೇಲೆ ಯಾರೂ ತೆರೆದಿಲ್ಲ.

ಉತ್ತರ: ಬಹಳ ಕಡೆ ಆಗುವುದು ಇದೇ. ಸಲಹೆ ಹುಟ್ಟಿಸುವುದು ಸುಲಭದ ಕೆಲಸ, ಸಾಫ್ಟ್‌ವೇರ್ ಅದನ್ನು ಚೆನ್ನಾಗಿಯೇ ಮಾಡುತ್ತದೆ. ಪಟ್ಟಿಯನ್ನು ಕಡಿಮೆ ಮಾಡುವ ಕೆಲಸಕ್ಕೆ ಮಾತ್ರ ಸಭೆ ನಡೆಸಿಕೊಡುವ ಒಬ್ಬ ನಿರ್ವಾಹಕ ಬೇಕು, ಸಮಯವೂ ಬೇಕು. ಬರೆಯಲು 10 ನಿಮಿಷ ಕೊಟ್ಟರೆ ಇಳಿಸಲು ಕನಿಷ್ಠ 40 ನಿಮಿಷ ಎತ್ತಿಡಿ.

ಮೊದಲು ಪ್ರಶ್ನೆಯನ್ನೇ ಸರಿಮಾಡಿ. 'ಗ್ರಾಹಕ ಸೇವೆ ಸುಧಾರಿಸುವುದು ಹೇಗೆ?' ಎಂದು ಕೇಳಿದರೆ 'ಸಂವಹನ', 'ತರಬೇತಿ' ಎಂಬ ಒಂಟಿ ಪದಗಳು ಬರುತ್ತವೆ, ಅವನ್ನು ಹಿಡಿದು ಏನೂ ಮಾಡಲಾಗದು. 'ದೂರು ಬಂದ ದಿನವೇ ಉತ್ತರ ಹೋಗಬೇಕಾದರೆ ನಾವು ಯಾವ ಒಂದು ಕೆಲಸವನ್ನು ಬದಲಿಸಬೇಕು?' ಎಂದು ಕೇಳಿ. ಕ್ರಿಯಾಪದ ಇರುವ ಪೂರ್ತಿ ವಾಕ್ಯವನ್ನೇ ಬರೆಯಬೇಕು ಎಂದು ಮೊದಲೇ ಹೇಳಿ. ಸಭೆಯ ಹಿಂದಿನ ದಿನ ಇಬ್ಬರಿಗೆ ಆ ಪ್ರಶ್ನೆ ಕೊಟ್ಟು ನೋಡಿ. ಅವರ ಉತ್ತರ ನಿಮಗೆ ಬೇಕಾದ ಬಗೆಯದ್ದಲ್ಲದಿದ್ದರೆ ತಪ್ಪು ಪ್ರಶ್ನೆಯದ್ದು.

ಸಲಹೆಗಳು ಬಂದ ಮೇಲೆ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋಗಬೇಡಿ, ಇಪ್ಪತ್ತನೆಯದಕ್ಕೇ ಎಲ್ಲರೂ ಸೋತಿರುತ್ತಾರೆ. ಪಟ್ಟಿಯನ್ನು 12 ಭಾಗ ಮಾಡಿ, ತಲೆಗೊಂದು ಭಾಗ ಹಂಚಿ. ತನ್ನ ಪಾಲಿನಲ್ಲಿ ಅತಿ ಮುಖ್ಯವಾದ ಒಂದನ್ನು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಲಿ. ನಿರ್ವಾಹಕರು 'ಹಾಗೆಂದರೇನು?' ಎಂದು ಕೇಳಿ, ಅರ್ಥ ಸ್ಪಷ್ಟವಾದ ಮೇಲೆ ಸಾಮಾನ್ಯ ಪಟ್ಟಿಗೆ ಹೊಸ ವಾಕ್ಯವಾಗಿ ಸೇರಿಸಲಿ. ಈ ಹಂತದಲ್ಲಿ ಒಪ್ಪುತ್ತೇವೋ ಇಲ್ಲವೋ ಎಂಬ ಚರ್ಚೆ ಬೇಡ, ಅರ್ಥದ ಚರ್ಚೆ ಮಾತ್ರ ಸಾಕು. ಒಂದು ಸುತ್ತಾದ ಮೇಲೆ ಭಾಗಗಳನ್ನು ಅದಲುಬದಲು ಮಾಡಿ, ಹೊಸದೇನೂ ಬಾರದಂತಾಗುವ ತನಕ ಮುಂದುವರಿಸಿ. 140 ಇದ್ದದ್ದು ಸಾಮಾನ್ಯವಾಗಿ 20-25ಕ್ಕೆ ಇಳಿಯುತ್ತದೆ, ಮುಖ್ಯವಾದ ಯಾವುದೂ ಕಳೆದುಹೋಗುವುದಿಲ್ಲ.

ಕೊನೆಗೆ ಮತದಾನ. 'ಎಷ್ಟು ಉಪಯುಕ್ತ' ಮತ್ತು 'ಮಾಡುವುದು ಎಷ್ಟು ಸುಲಭ' ಎರಡನ್ನೂ 1ರಿಂದ 10ರ ಅಳತೆಯಲ್ಲಿ ಬೇರೆಬೇರೆಯಾಗಿ ಕೇಳಿ. ಸಾಫ್ಟ್‌ವೇರ್ ಸರಾಸರಿ ತೋರಿಸಿದ ಕೂಡಲೇ ಸಭೆ ಮುಗಿಸುವ ಆತುರ ಬೇಡ. ಒಂದು ಸಲಹೆಗೆ ಎಂಟು ಜನ 5, 6, 5, 6, 5, 6, 5, 6 ಕೊಟ್ಟಿದ್ದಾರೆ ಅನ್ನಿ. ಇನ್ನೊಂದಕ್ಕೆ 10, 10, 9, 9, 2, 2, 1, 1. ಎರಡರ ಸರಾಸರಿಯೂ 5.5. ಮೊದಲನೆಯದರ ಬಗ್ಗೆ ಯಾರಿಗೂ ಅಂಥ ಆಸೆಯಿಲ್ಲ. ಎರಡನೆಯದರಲ್ಲಿ ಅರ್ಧ ಗುಂಪಿಗೆ ಗೊತ್ತಿರುವ ಏನೋ ಒಂದು ಉಳಿದರ್ಧಕ್ಕೆ ಗೊತ್ತಿಲ್ಲ. ಮಾತಾಡಬೇಕಾದ್ದು ಅಲ್ಲಿಯೇ. ಅಂಕಗಳು ಹೀಗೆ ಚದುರಿದ ಎರಡು ಮೂರು ಸಲಹೆಗಳನ್ನಷ್ಟೇ ಚರ್ಚೆಗೆ ತನ್ನಿ, ಆಮೇಲೆ ಮತ್ತೊಮ್ಮೆ ಮತ ಹಾಕಿಸಿ.

ಪ್ರಶ್ನೆ: ಹೆಸರಿಲ್ಲದೆ ಬರೆಯಬಹುದು ಅನ್ನುತ್ತಾರೆ. ನಂಬಬಹುದೇ? ಬೈಗುಳ ಶುರುವಾಗುವುದಿಲ್ಲವೇ?

ಉತ್ತರ: ತೆರೆಯ ಮೇಲೆ ಹೆಸರು ಕಾಣುವುದಿಲ್ಲ ಅಂದ ಮಾತ್ರಕ್ಕೆ ದಾಖಲೆಯಲ್ಲೂ ಇಲ್ಲ ಎಂದಲ್ಲ. ಲಾಗಿನ್ ಆಗಿಯೇ ಒಳಗೆ ಬರುವ ವ್ಯವಸ್ಥೆಯಲ್ಲಿ ಅಡ್ಮಿನ್‌ಗೆ ಎಲ್ಲವೂ ಕಾಣುತ್ತಿರಬಹುದು. ಅವರಿಗೆ ಏನೇನು ಕಾಣುತ್ತದೆ ಎಂಬುದನ್ನು ಪರೀಕ್ಷಿಸಿ ಸಭೆಗೆ ಮುಂಚೆಯೇ ಎಲ್ಲರಿಗೂ ತಿಳಿಸಿ. ಚಿಕ್ಕ ಗುಂಪಿನಲ್ಲಿ ಬರವಣಿಗೆಯ ಧಾಟಿಯಿಂದಲೇ ಆಳು ಗೊತ್ತಾಗುತ್ತದೆ, ಅದನ್ನೂ ಮುಚ್ಚಿಡಬೇಡಿ.

ಟೀಕೆ ಕಟುವಾಗಿ ಬರಬಹುದು, ಬರಲಿ. ವ್ಯಕ್ತಿಯ ಹೆಸರು ಹಿಡಿದು ಬರೆದದ್ದನ್ನು ಮಾತ್ರ ನಿರ್ವಾಹಕರು ತೆಗೆದುಹಾಕಲಿ. ನಿಜವಾಗಿ ಕೆಡಿಸುವುದು ಬೇರೆ: 'ಇದನ್ನು ಯಾರು ಬರೆದದ್ದು?' ಎಂದು ಮೇಲಧಿಕಾರಿ ಒಮ್ಮೆ ಕೇಳಿದರೆ ಸಾಕು, ಮುಂದಿನ ಸಭೆಯಲ್ಲಿ ಯಾರೂ ಮನಸ್ಸಿನ ಮಾತು ಬರೆಯುವುದಿಲ್ಲ. ಇಂತಿಂಥವರು ಇಂತಿಂಥ ದಿನದೊಳಗೆ ಮಾಡುತ್ತಾರೆ ಎಂದು ಕೆಲಸ ಹಂಚುವಾಗ ಮಾತ್ರ ಹೆಸರು ಇರಲೇಬೇಕು.

ಪ್ರಶ್ನೆ: ಹೊಸದನ್ನು ಕೊಳ್ಳದೆ, ಇರುವ ಹಂಚಿಕೆಯ ಡಾಕ್ಯುಮೆಂಟ್‌ನಲ್ಲೇ ಇದನ್ನೆಲ್ಲ ಮಾಡಬಹುದೇ?

ಉತ್ತರ: ಬಹುಪಾಲು ಮಾಡಬಹುದು. ಆದರೆ ಸಲಹೆ ಬರೆಯುವ ಹಂತಕ್ಕೆ ಡಾಕ್ಯುಮೆಂಟ್ ಬೇಡ. ಅಲ್ಲಿ ಯಾರ ಕರ್ಸರ್ ಎಲ್ಲಿದೆ ಎಂಬುದು ಸಾಮಾನ್ಯವಾಗಿ ಹೆಸರಿನ ಸಮೇತ ಕಾಣುತ್ತದೆ, ಮೊದಲು ಬಿದ್ದ ಎರಡು ಸಾಲುಗಳನ್ನು ನೋಡಿ ಮಿಕ್ಕವರು ಅದೇ ದಿಕ್ಕಿನಲ್ಲಿ ಬರೆಯುತ್ತಾರೆ. ಇಮೇಲ್ ವಿಳಾಸ ಕೇಳದ ಆನ್‌ಲೈನ್ ಫಾರ್ಮ್ ಒಂದರಲ್ಲಿ ಸಲಹೆ ತರಿಸಿಕೊಳ್ಳಿ, ಬಂದದ್ದನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ ಹಂಚಿ, ಮತದಾನಕ್ಕೆ ಇನ್ನೊಂದು ಫಾರ್ಮ್ ಮಾಡಿ. ಇದೇ ಕ್ರಮದಲ್ಲಿ ಮೂರು ನಾಲ್ಕು ಸಭೆ ನಡೆಸಿ ನೋಡಿ. ಒಂದರಿಂದ ಇನ್ನೊಂದಕ್ಕೆ ನಕಲು ಮಾಡುವುದರಲ್ಲೇ ಸಮಯ ಹೋಗುತ್ತಿದೆ ಅನಿಸಿದಾಗ ಸಾಫ್ಟ್‌ವೇರ್ ಕೊಳ್ಳುವ ವಿಚಾರ ಮಾಡಿ.