ಕಕ್ಕಡದ ಚಳಿಗೆ ಸೌದೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆ ಬೆಚ್ಚಗಿಡಲು ಗಾಜಿನ ಬಾಗಿಲಿನ ಕಬ್ಬಿಣದ ಸೌದೆ ಒಲೆ ಹಾಕಿಸಿದ್ದೇವೆ. ಏಪ್ರಿಲ್‌ನಲ್ಲಿ ಮರ ಕಪಾತು ಮಾಡಿಸಿದಾಗ ಸಿಕ್ಕ ಸಿಲ್ವರ್ (ಸಿಲ್ವರ್ ಓಕ್) ಸೌದೆಯನ್ನು ಒಡೆಸಿ ಶೆಡ್ಡಿನಲ್ಲಿಟ್ಟೆವು. ಜುಲೈಯಲ್ಲಿ ಹಚ್ಚಿದರೆ ಬರೀ ಹೊಗೆ. ಸೌದೆಯ ತುದಿಯಲ್ಲಿ ನೊರೆ ಬರುತ್ತದೆ, ಗಾಜು ಒಂದೇ ರಾತ್ರಿಗೆ ಕಪ್ಪಾಗುತ್ತದೆ. ಒಲೆಯಲ್ಲೇ ದೋಷವಿದೆಯೇ?
– ಓದುಗರು, ಮಡಿಕೇರಿ

ಉತ್ತರ: ಒಲೆ ಸರಿಯಾಗಿದೆ, ಸೌದೆ ಹಸಿ. ಆ ನೊರೆ ಮರದೊಳಗಿನ ನೀರು ಕುದಿದು ಹೊರಬರುವುದು. ಆಗತಾನೆ ಕಡಿದ ಸಿಲ್ವರ್ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಅಂಥ ಒಂದು ಕಿಲೋ ಸೌದೆಯಿಂದ ಸಿಗುವುದು ಸುಮಾರು 8 ಮೆಗಾಜೂಲ್ ಶಾಖ. ಅದೇ ಮರ ಒಣಗಿ ನೀರಿನಂಶ ಶೇ. 20ಕ್ಕೆ ಇಳಿದಿದ್ದರೆ ಕಿಲೋಗೆ 14 ಮೆಗಾಜೂಲ್ ಸಿಗುತ್ತದೆ. ನಷ್ಟ ಇಷ್ಟಕ್ಕೇ ಮುಗಿಯುವುದಿಲ್ಲ. ನೀರು ಆವಿಯಾಗುವಾಗ ಒಲೆಯೊಳಗಿನ ಬಿಸಿ ತಗ್ಗುತ್ತದೆ, ಮರದಿಂದ ಏಳುವ ಅನಿಲಗಳು ಉರಿಯದೆ ಮೇಲೆ ಹೋಗಿ ಗಾಜಿಗೂ ಹೊಗೆ ಕೊಳವೆಗೂ ಟಾರಿನಂತೆ ಮೆತ್ತಿಕೊಳ್ಳುತ್ತವೆ.

ತಪ್ಪಿರುವುದು ತಿಂಗಳ ಲೆಕ್ಕ. ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಸಿಗುವುದು ಏಳೆಂಟು ವಾರ. ಆಮೇಲೆ ಶೆಡ್ಡಿನಲ್ಲಿದ್ದರೂ ಸೌದೆ ಒಣಗುವುದಿಲ್ಲ, ಏಕೆಂದರೆ ಗಾಳಿಯೇ ಒದ್ದೆ. ಗಾಳಿಯ ತೇವಾಂಶ ಶೇ. 90 ಇರುವಾಗ ಮರ ತನ್ನ ನೀರಿನಂಶವನ್ನು ಶೇ. 17ರ ಹತ್ತಿರ ತಂದು ನಿಲ್ಲಿಸುತ್ತದೆ. ಅಂದರೆ ಮೇ ಕೊನೆಗೆ ಚೆನ್ನಾಗಿ ಒಣಗಿದ ಸೌದೆ ನೆನೆಯದೆ ಸೂರಿನಡಿ ಇದ್ದರೆ ಕಕ್ಕಡದಲ್ಲೂ (ಜುಲೈ–ಆಗಸ್ಟ್‌ನಲ್ಲಿ ಬರುವ ಕೊಡಗಿನ ಜೋರು ಮಳೆಯ ತಿಂಗಳು) ಉರಿಯುತ್ತದೆ. ಅರೆ ಹಸಿಯಾಗಿ ಮಳೆಗಾಲಕ್ಕೆ ಕಾಲಿಟ್ಟದ್ದು ಸೆಪ್ಟೆಂಬರ್‌ನಲ್ಲೂ ಬಹುತೇಕ ಅರೆ ಹಸಿಯೇ.

ನಮ್ಮಲ್ಲಿ ಸೌದೆ ಒಣಗುವ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಡಿಸೆಂಬರ್‌ನಲ್ಲಿ ಕಡಿದು, ಆ ವಾರವೇ ಒಡೆದು ಒಟ್ಟಿದ ಸಿಲ್ವರ್ ಮೇ ಹೊತ್ತಿಗೆ ಸಿದ್ಧ. ಏಪ್ರಿಲ್, ಮೇ ಕಪಾತಿನ ಸೌದೆಯನ್ನು ಬರುವ ವರ್ಷದ ಮಳೆಗಾಲಕ್ಕೆಂದೇ ಬೇರೆ ಒಟ್ಟಬೇಕು. ಎರಡು ಒಟ್ಟಿಲು ಬೆರೆತರೆ ಯಾವುದು ಯಾವ ವರ್ಷದ್ದು ಎಂದು ಗೊತ್ತಾಗುವುದಿಲ್ಲ. ಕಡಿದ ತಿಂಗಳು, ವರ್ಷವನ್ನು ಪೇಂಟಿನಲ್ಲಿ ಒಂದು ಸೀಳಿನ ಮೇಲೆ ಬರೆದು ಮುಂದೆ ಕಾಣುವಂತೆ ಇಡಿ.

ಒಡೆಯುವಾಗ ಸೀಳಿನ ದಪ್ಪ 3ರಿಂದ 4 ಅಂಗುಲ ಮೀರದಿರಲಿ. ಉದ್ದ ಒಲೆಯ ಒಳಗಿನ ಉದ್ದಕ್ಕಿಂತ 2 ಅಂಗುಲ ಕಡಿಮೆ ಇರಲಿ. ಮರದಲ್ಲಿ ನೀರು ಅಡ್ಡಕ್ಕಿಂತ ಎಳೆಯ ಉದ್ದಕ್ಕೆ ಹತ್ತು ಹದಿನೈದು ಪಟ್ಟು ವೇಗವಾಗಿ ಸರಿದು ಕತ್ತರಿಸಿದ ತುದಿಯಿಂದ ಹೊರಹೋಗುತ್ತದೆ. ಹಾಗಾಗಿ ಉದ್ದ ಕೊರಡನ್ನು ಹಾಗೇ ಬಿಟ್ಟು ಬೇಕಾದಾಗ ಕೊರೆದುಕೊಳ್ಳುತ್ತೇವೆ ಎಂದರೆ ವರ್ಷ ಕಳೆದರೂ ತಿರುಳು ಹಸಿಯೇ ಇರುತ್ತದೆ. ತೊಗಟೆ ನೀರನ್ನು ಒಳಗೇ ಹಿಡಿದಿಡುವುದರಿಂದ ಮಣಿಕಟ್ಟಿನ ದಪ್ಪದ ಕೊಂಬೆಯನ್ನೂ ಒಮ್ಮೆ ಸೀಳುವುದು ಒಳ್ಳೆಯದು.

ಈ ಮಳೆಗಾಲ ಹೇಗೆ ಕಳೆಯುವುದು? ಇರುವ ಸೀಳನ್ನು ಮತ್ತೆ ಒಂದೂವರೆ ಅಂಗುಲಕ್ಕೆ ಒಡೆಯಿರಿ. ಎರಡು ದಿನಕ್ಕಾಗುವಷ್ಟನ್ನು ಒಳಗೆ ತಂದು ಒಲೆಯಿಂದ 3 ಅಡಿ ದೂರದಲ್ಲಿ ಒಟ್ಟಿ. ಒಲೆಯ ಮೇಲೆ, ಕೊಳವೆಗೆ ಒರಗಿಸಿ ಒಣಗಿಸಲು ಹೋಗಬೇಡಿ, ಮನೆಗೆ ಬೆಂಕಿ ಬೀಳುತ್ತದೆ. ಉರಿಸುವಾಗ ಗಾಳಿಯ ಬಾಗಿಲು (ಒಲೆಯೊಳಗೆ ಗಾಳಿ ಬಿಡುವ ಕಿಂಡಿ) ಪೂರ್ತಿ ತೆರೆದಿರಲಿ.

ಪ್ರಶ್ನೆ: ಒಂದು ವರ್ಷಕ್ಕೆ ಎಷ್ಟು ಸೌದೆ ಬೇಕು? ನಮಗೆ ತೋಟವಿಲ್ಲ, ಕೊಂಡುಕೊಳ್ಳಬೇಕು. ಟನ್ನಿನ ಲೆಕ್ಕದಲ್ಲಿ ತೆಗೆದುಕೊಳ್ಳುವುದೋ, ಪಿಕಪ್ ಲೋಡಿನಲ್ಲೋ?
– ಓದುಗರು, ವಿರಾಜಪೇಟೆ

ಉತ್ತರ: ಒಂದು ಹಾಲ್ ಬೆಚ್ಚಗಿಡುವ ಮಧ್ಯಮ ಒಲೆ ಗಂಟೆಗೆ ಸುಮಾರು 2 ಕಿಲೋ ಒಣ ಸೌದೆ ತಿನ್ನುತ್ತದೆ. ದಿನಕ್ಕೆ 5 ಗಂಟೆ ಉರಿಸಿದರೆ 10 ಕಿಲೋ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 120 ದಿನಕ್ಕೆ 1,200 ಕಿಲೋ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ದಿನಕ್ಕೆ 3 ಗಂಟೆಯಂತೆ ಇನ್ನು 360 ಕಿಲೋ ಸೇರಿಸಿ. ಒಟ್ಟು 1.6 ಟನ್ ಎಂದಿಟ್ಟುಕೊಳ್ಳಿ. ಅಚ್ಚುಕಟ್ಟಾಗಿ ಒಟ್ಟಿದರೆ ಇದು ಸುಮಾರು 140 ಘನ ಅಡಿ. 15 ಅಂಗುಲದ ಸೀಳಾದರೆ 5 ಅಡಿ ಎತ್ತರದ, ತಲಾ 11–12 ಅಡಿ ಉದ್ದದ ಎರಡು ಸಾಲು. ಹಂಡೆ ಒಲೆಯ ಸೌದೆ ಇದರಲ್ಲಿ ಸೇರಿಲ್ಲ.

ಹಸಿ ಸೌದೆಯನ್ನು ತೂಕಕ್ಕೆ ಕೊಂಡರೆ ನೀರಿಗೂ ದುಡ್ಡು ಕೊಟ್ಟಂತೆ. ಅರ್ಧ ನೀರಿರುವ 1 ಟನ್ ಸೌದೆ ಶೇ. 20ಕ್ಕೆ ಒಣಗಿದಾಗ 625 ಕಿಲೋ ತೂಗುತ್ತದೆ. 1.6 ಟನ್ ಒಣ ಸೌದೆ ಬೇಕಾದರೆ ಹಸಿಯದು ಎರಡೂವರೆ ಟನ್ ತರಿಸಬೇಕು. ಒಣಗಿದ್ದಾದರೆ ತೂಕಕ್ಕೆ, ಹಸಿಯಾದರೆ ಲೋಡಿನ ಅಳತೆಗೆ ಕೊಳ್ಳುವುದು ನಮ್ಮ ಸಲಹೆ. ಲೋಡಿನಲ್ಲಿ ತರುವಾಗ ಸೌದೆ ಎಸೆದದ್ದೋ ಒಟ್ಟಿದ್ದೋ ನೋಡಿಕೊಳ್ಳಿ. ಎಸೆದು ತುಂಬಿದ ಗಾಡಿಯಲ್ಲಿ ಸಂದೇ ಜಾಸ್ತಿ.

"ಒಣಗಿದ ಸೌದೆ" ಎಂದು ಮಾರುವವರು ಹೇಳಿದರೆ ಒಂದು ದಪ್ಪ ತುಂಡನ್ನು ಅಲ್ಲೇ ಸೀಳಿಸಿ, ಒಳಮೈಯನ್ನು ಕೆನ್ನೆಗೆ ಒತ್ತಿ ನೋಡಿ. ಹಸಿಯಾದರೆ ತಣ್ಣಗೆ, ತೇವವಾಗಿ ತಾಗುತ್ತದೆ. ತುದಿಯ ಬಿರುಕನ್ನಷ್ಟೇ ನಂಬಬೇಡಿ, ಅದು ಎರಡೇ ವಾರದ ಬಿಸಿಲಿಗೂ ಬರುತ್ತದೆ. ತೇವಾಂಶ ಮೀಟರ್ ಇದ್ದರೆ ಹೊಸದಾಗಿ ಸೀಳಿದ ಮುಖದ ನಡುವೆ, ಎಳೆಯ ಉದ್ದಕ್ಕೆ ಮುಳ್ಳು ಚುಚ್ಚಿ. ಮೀಟರ್ ಒಣ ಮರದ ತೂಕಕ್ಕೆ ಹೋಲಿಸಿ ಲೆಕ್ಕ ಹೇಳುವುದರಿಂದ ಅದರಲ್ಲಿ 25 ಬಂದರೆ ಮೇಲೆ ಹೇಳಿದ ಶೇ. 20ಕ್ಕೆ ಸಮ. ಮೀಟರ್ ಇಲ್ಲದವರಿಗೆ ಅಡುಗೆಮನೆಯ ತಕ್ಕಡಿಯೇ ಸಾಕು. ಮೂರು ಸೀಳುಗಳ ಮೇಲೆ ತೂಕ ಬರೆದು ಒಟ್ಟಿಲಿನ ನಡುವೆ ಇಡಿ, ಹದಿನೈದು ದಿನಕ್ಕೊಮ್ಮೆ ತೂಗಿ. ಬೇಸಿಗೆಯಲ್ಲಿ ಎರಡು ಸಲ ತೂಗಿದಾಗಲೂ ತೂಕ ಇಳಿಯದಿದ್ದರೆ ಒಣಗಿದೆ ಎಂದೇ ಅರ್ಥ.

ಪ್ರಶ್ನೆ: ನಮ್ಮಲ್ಲಿ ಮಳೆ ಅಡ್ಡಡ್ಡ ಬೀಸುತ್ತದೆ. ಟಾರ್ಪಾಲಿನಿಂದ ಸೌದೆಯನ್ನು ಪೂರ್ತಿ ಸುತ್ತಿ ಕಟ್ಟಿದರೂ ಬೂಷ್ಟು ಹಿಡಿದು ಅಣಬೆ ಏಳುತ್ತದೆ. ಏನು ಮಾಡಬೇಕು?
– ಓದುಗರು, ಭಾಗಮಂಡಲ

ಉತ್ತರ: ಸುತ್ತಿ ಕಟ್ಟಿದ್ದೇ ತೊಂದರೆ. ಸೌದೆಯಿಂದಲೂ ನೆಲದಿಂದಲೂ ಎದ್ದ ಆವಿ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ಮತ್ತೆ ಸೌದೆಯ ಮೇಲೇ ಬೀಳುತ್ತದೆ. ಮೇಲೆ ಮುಚ್ಚಿ, ಪಕ್ಕ ಬಿಡಿ. ಆದರೆ ನಿಮ್ಮ ಕಡೆಯ ಮಳೆಗೆ ನಾಲ್ಕೂ ಪಕ್ಕ ಬಿಟ್ಟರೆ ನಡೆಯುವುದಿಲ್ಲ. ಮುಂಗಾರಿನ ಗಾಳಿ ನೈಋತ್ಯದಿಂದ ಬರುವುದರಿಂದ ದಕ್ಷಿಣ ಮತ್ತು ಪಶ್ಚಿಮಕ್ಕೆ ತಗಡಿನ ಶೀಟ್ ಹೊಡೆಯಿರಿ, ಕೆಳಗೂ ಸೂರಿನ ಕೆಳಗೂ 4 ಅಂಗುಲ ಸಂದು ಬಿಡಿ. ಪೂರ್ವ, ಉತ್ತರ ತೆರೆದಿರಲಿ. ಸೂರು ಎಲ್ಲ ಕಡೆ 3 ಅಡಿ ಹೊರಚಾಚಲಿ.

ನೆಲದಿಂದ ಮುಕ್ಕಾಲು ಅಡಿ ಎತ್ತರಕ್ಕೆ ಕಲ್ಲಿಟ್ಟು, ಅದರ ಮೇಲೆ ಎರಡು ಗಳ ಹಾಸಿ ಒಟ್ಟಿ. ಕಲ್ಲಿಗೆ ಒಂದು ಲಾಭವಿದೆ: ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿದರೆ ಕಣ್ಣಿಗೆ ಬೀಳುತ್ತದೆ, ಪೊರಕೆಯಲ್ಲಿ ಗುಡಿಸಿಬಿಡಬಹುದು. ಸಾಲಿನ ಹಿಂದೆ ಗೋಡೆಗೆ ಅರ್ಧ ಅಡಿ, ಸಾಲಿನಿಂದ ಸಾಲಿಗೆ 4 ಅಂಗುಲ ಸಂದಿರಲಿ. ಒಂದಕ್ಕೊಂದು ಒತ್ತಿ ನಾಲ್ಕು ಸಾಲು ಒಟ್ಟಿದರೆ ನಡುವಿನ ಎರಡು ಸಾಲಿಗೆ ಗಾಳಿಯೇ ಆಡುವುದಿಲ್ಲ.

ಫೆಬ್ರವರಿ ಕೊನೆಗೇ ಮೇಲಿನ ಮುಚ್ಚಿಗೆ ಹಾಕಿಬಿಡಿ. ಹೂ ಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಕಾಫಿಗೆ ಚಿನ್ನ, ತೆರೆದಿಟ್ಟ ಸೌದೆಗೆ ವಾರಗಳ ಒಣಗಿಕೆ ಹಾಳು. ಕಾಫಿ ಒಣಗಿಸಿ ಮುಗಿದ ಮೇಲೆ ಕಣ ಖಾಲಿಯಿದ್ದರೆ ಮಾರ್ಚ್ ತಿಂಗಳಲ್ಲಿ ಸೀಳನ್ನು ಅಲ್ಲಿ ಹರಡಿ. ಕಾದ ಸಿಮೆಂಟಿನ ನೆಲದಷ್ಟು ಬೇಗ ಒಣಗಿಸುವ ಜಾಗ ತೋಟದಲ್ಲಿ ಇನ್ನೊಂದಿಲ್ಲ.

ಮಳೆಗಾಲದಲ್ಲಿ ಒಟ್ಟಿಲಿನ ಸಂದಿನಲ್ಲಿ ಹಾವು ಸೇರುವುದುಂಟು. ಸಂಜೆ ಟಾರ್ಚ್ ಇಲ್ಲದೆ ಕೈ ಹಾಕಬೇಡಿ, ಮೇಲಿನ ಸಾಲಿನಿಂದಲೇ ತೆಗೆಯಿರಿ.

ಪ್ರಶ್ನೆ: ಕಾಂಡಕೊರಕ ಹುಳು ಬಿದ್ದ ಅರೇಬಿಕಾ ಕಾಫಿ ಗಿಡಗಳನ್ನು ಕಿತ್ತಿದ್ದೇವೆ. ಸೌದೆಗೆ ಇಟ್ಟುಕೊಳ್ಳಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಹಾಗೇ ಒಟ್ಟಿಡಬೇಡಿ. ಕಿತ್ತ ಕಾಂಡದೊಳಗೂ ಹುಳು ಬೆಳೆದು ದುಂಬಿಯಾಗುತ್ತದೆ. ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಬಿಳಿ ಕಾಂಡಕೊರಕದ ದುಂಬಿ ಹಾರುವ ಕಾಲ. ಮನೆ ಹಿಂದಿನ ಒಟ್ಟಿಲಿನಿಂದ ಹೊರಬಿದ್ದು ನಿಮ್ಮ ತೋಟಕ್ಕೂ ಪಕ್ಕದವರ ತೋಟಕ್ಕೂ ಹೋಗಿ ಮೊಟ್ಟೆ ಇಡುತ್ತವೆ. ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಗಿಡ ಗುರುತಿಸಿ ಕೀಳುವ ಶ್ರಮವೆಲ್ಲ ಇದರಿಂದ ವ್ಯರ್ಥ.

ಕಾಫಿ ಮರ ಸೌದೆಯಾಗಿ ಬಲು ಒಳ್ಳೆಯದು, ಗಟ್ಟಿ, ಕೆಂಡ ನಿಲ್ಲುತ್ತದೆ. ಉಳಿಸಿಕೊಳ್ಳಬೇಕೆಂದರೆ ಕಿತ್ತ ಕೂಡಲೇ ಕಾಂಡ ಮತ್ತು ಬೇರನ್ನು ಕೆರೆಯಲ್ಲೋ ತೊಟ್ಟಿಯಲ್ಲೋ ಕಲ್ಲು ಹೇರಿ ಪೂರ್ತಿ ಮುಳುಗಿಸಿ 7ರಿಂದ 10 ದಿನ ಬಿಡಿ. ತೇಲುವ ಭಾಗದಲ್ಲಿ ಹುಳು ಬದುಕುತ್ತದೆ. ಆಮೇಲೆ ತೆಗೆದು ಸೀಳಿ ಒಣಗಿಸಿ. ಅಷ್ಟು ನೀರಿಲ್ಲದಿದ್ದರೆ ತೋಟದಲ್ಲೇ ಸುಡುವುದು ಕ್ಷೇಮ. ಕೊರಕ ಬೀಳದ ಗಿಡದ ಸೌದೆಗೆ ಈ ತಾಪತ್ರಯವಿಲ್ಲ.

ಪ್ರಶ್ನೆ: ಯಾವ ಮರ ಒಳ್ಳೆಯದು, ಯಾವುದು ಬೇಡ?
– ಓದುಗರು, ಪೊನ್ನಂಪೇಟೆ

ಉತ್ತರ: ಬೆಂಕಿ ಹಿಡಿಸಲು ಸಿಲ್ವರ್, ರಾತ್ರಿ ಕೆಂಡ ಉಳಿಯಲು ಕಾಫಿ ಬೊಡ್ಡೆ ಅಥವಾ ಅಕೇಶಿಯಾ. ಗಟ್ಟಿ ಮರಗಳಿಗೆ ಒಂದು ಬೇಸಿಗೆ ಸಾಲದು, ಎರಡು ಕಾಣಿಸಿ. ನೀಲಗಿರಿಯನ್ನು ಹಸಿಯಿದ್ದಾಗಲೇ ಒಡೆಯಿರಿ, ಒಣಗಿದ ಮೇಲೆ ಬೆಣೆಯೂ ಇಳಿಯುವುದಿಲ್ಲ. ಹಾಲುವಾಣ ಹಗುರ, ನೀರು ಜಾಸ್ತಿ, ಒಟ್ಟಿದಲ್ಲೇ ಕೊಳೆಯುತ್ತದೆ. ಒಲೆಯ ಸೌದೆಗೆ ಲೆಕ್ಕಕ್ಕೇ ಹಿಡಿಯಬೇಡಿ. ಕಾಡುಗೇರು ಜಾತಿಯ ಮರಗಳ ಸೊನೆ ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಹೊಗೆಯೂ ಕೆಟ್ಟದ್ದು, ಮುಟ್ಟಲೇಬೇಡಿ. ಪೇಂಟ್ ಹಚ್ಚಿದ ಹಲಗೆ, ಪ್ಲೈವುಡ್, ಔಷಧಿ ಉಣಿಸಿದ ಬೇಲಿ ಕಂಬಗಳನ್ನು ಮನೆಯೊಳಗೆ ಸುಡಬಾರದು. ಸಿಲ್ವರ್ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಡ. ಬೀಟೆ, ಹೊನ್ನೆ, ಮತ್ತಿಯಂಥ ಕಾಡುಮರಗಳಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಮುಂದುವರಿಯಿರಿ.

ಪ್ರಶ್ನೆ: ಹೊಗೆ ಕೊಳವೆ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು? ಒಲೆ ಆರುವಾಗ ಉಳಿದ ಕೆಂಡವನ್ನು ಬಾಂಡ್ಲಿಯಲ್ಲಿ ಮಲಗುವ ಕೋಣೆಗೆ ಇಟ್ಟುಕೊಳ್ಳಬಹುದೇ? ಮನೆಯಲ್ಲಿ ವಯಸ್ಸಾದವರಿದ್ದಾರೆ.
– ಓದುಗರು, ನಾಪೋಕ್ಲು

ಉತ್ತರ: ಕೆಂಡದ ಮಾತು ಮೊದಲು: ಬೇಡವೇ ಬೇಡ. ಹೊಗೆಯಿಲ್ಲದ ಕೆಂಡ ನಿರಪಾಯಕಾರಿ ಎಂದು ಅನೇಕರು ನಂಬಿದ್ದಾರೆ. ಹೊಗೆಯಿಲ್ಲದ ಆ ಕೆಂಡದಿಂದಲೇ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದವರು ಎಚ್ಚರವಾಗದೆಯೇ ಪ್ರಾಣ ಕಳೆದುಕೊಳ್ಳುತ್ತಾರೆ. ಹಿರಿಯರಿಗೆ ಬಿಸಿನೀರಿನ ಬ್ಯಾಗ್ ಕೊಡಿ. ಒಲೆ ಇರುವ ಕೋಣೆಯಲ್ಲೂ ಒಂದು ಕಿಟಕಿ ಎರಡು ಬೆರಳಷ್ಟು ತೆರೆದಿರಲಿ.

ಕೊಳವೆಯನ್ನು ನೀರಿನಿಂದ ತೊಳೆಯುವುದಲ್ಲ, ಅಳತೆಗೆ ಸರಿಯಾದ ತಂತಿ ಬ್ರಷ್‌ನಿಂದ ಉಜ್ಜುವುದು. ಮೇ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ. ಬ್ರಷ್‌ಗೆ ಪುಡಿ ಮಸಿ ಉದುರಿದರೆ ಒಳ್ಳೆಯದು. ಹೊಳೆಯುವ ಕರಿ ಪದರ ಗಟ್ಟಿಯಾಗಿ ಅಂಟಿದ್ದರೆ ಅದು ಕ್ರಿಯೋಸೋಟ್, ಅದಕ್ಕೆ ಬೆಂಕಿ ಹೊತ್ತಿಕೊಳ್ಳುತ್ತದೆ. ಕೊಳವೆಯಲ್ಲಿ ಹೊಗೆಯ ಬಿಸಿ 120 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇದು ಕಟ್ಟಿಕೊಳ್ಳುತ್ತದೆ. ರಾತ್ರಿಯಿಡೀ ಇರಲೆಂದು ಒಲೆ ತುಂಬ ಸೌದೆ ತುಂಬಿ ಗಾಳಿ ಮುಚ್ಚಿಡುವುದೇ ಮುಖ್ಯ ಕಾರಣ. ಕಡಿಮೆ ಸೌದೆ ಹಾಕಿ ಜೋರಾಗಿ ಉರಿಸಿ, ಆರಲು ಬಿಡಿ.

ಕೊಳವೆಯೊಳಗಿಂದ ಗುಂಯ್ ಎಂದು ಮೊರೆತ ಕೇಳಿದರೆ, ಕೊಳವೆ ಕೆಂಪಗಾದರೆ, ಒಲೆಯ ಬಾಗಿಲು ಮತ್ತು ಗಾಳಿಯ ಬಾಗಿಲು ಎರಡನ್ನೂ ತಕ್ಷಣ ಮುಚ್ಚಿ ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಕಾದ ಕಬ್ಬಿಣಕ್ಕೆ ನೀರು ಎರಚಬೇಡಿ, ಬಿರುಕು ಬಿಟ್ಟು ಬೆಂಕಿ ಹೊರಗೆ ನುಗ್ಗುತ್ತದೆ. ಆರಿದ ಮೇಲೂ ಕೊಳವೆಯ ಜೋಡಣೆಗಳು, ಹೆಂಚಿನಡಿಯ ರೀಪು ನೋಡಿಸದೆ ಮತ್ತೆ ಒಲೆ ಹಚ್ಚಬೇಡಿ.